ನಾಲ್ಕು ಮೀಟರ್ ಎಂಬತ್ತು

ಫೆಬ್ರವರಿ ೩

ಗುಡಾರದಲ್ಲಿ ನೆರೆದಿರುವ ಧೀರರೇ, ಟ್ಯಾಂಕು ಕಾಯುವ ಶೂರರೇ, ಕಾಲುಚೀಲ ಒಗೆಯದ ವೀರರೇ, ಮತ್ತು ಈ ಲಕೋಟೆಯನ್ನು ಎಲ್ಲರಿಗಿಂತ ಮೊದಲು ಒಡೆದು ಓದುವ ಮಾನ್ಯ ಕ್ಯಾಪ್ಟನ್ ಸಾಹೇಬರೇ,

ರಸ್ತೆ ಇಲಾಖೆಯಲ್ಲಿ ಓವರ್‌ಸಿಯರ್ ಎಂಬ ಹೆಸರಿನಲ್ಲಿ ಬಿಸಿಲು ಕಾಯುವ ನಾನು, ನನ್ನ ಹೆಂಡತಿಯ ಏಕಮಾತ್ರ ತಮ್ಮನ ಬಾಯಿಯಿಂದ ತಮ್ಮ ಘನ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮ.

ಬಾಮೈದ, ನನ್ನ ಕಾಗದಗಳನ್ನು ಗುಡಾರದಲ್ಲಿ ಗಟ್ಟಿಯಾಗಿ ಓದಿಸಿಕೊಂಡು ನಗುತ್ತಾರೆ ಎಂದು ನೀನು ಬರೆದ ಮೇಲೆ ನನಗೆ ಸಭಾಕಂಪ ಹತ್ತಿದೆ. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ ಪಡೆದವನು ನಾನು. ಸ್ಪರ್ಧಿಗಳು ನಾಲ್ಕೇ ಜನ ಎಂಬುದನ್ನು ಅಲ್ಲಿ ಹೇಳಬೇಡ.

ಇಲ್ಲಿಯ ಸುದ್ದಿ. ನಿಮ್ಮ ಸೇನೆಯ ಸಾಗಣೆ ಕಚೇರಿಯಿಂದ ನಮ್ಮ ಕಚೇರಿಗೆ ಮೂರು ಹಾಳೆಯ ಫಾರಂ ಬಂದಿದೆ. ನನ್ನ ಸುಪರ್ದಿನ ರಸ್ತೆಯಲ್ಲಿ ಎಷ್ಟು ತಿರುವು, ಎಷ್ಟು ಮೋರಿ, ಅಡ್ಡ ಹಾಯುವ ತಂತಿ ಎಷ್ಟು, ರೈಲು ಸೇತುವೆಯ ಕೆಳಗೆ ಎತ್ತರ ಎಷ್ಟು, ಎಲ್ಲ ಬೇಕಂತೆ. ಹೊರೆಯ ಎತ್ತರ ೪.೨೫ ಮೀಟರ್ ಎಂದು ಅವರೇ ಅಚ್ಚು ಹಾಕಿ ಕಳಿಸಿದ್ದಾರೆ. ಒಂದು ಬೆಳಗಿನ ಕೆಲಸ. ಟೀ ಆರುವುದರೊಳಗೆ ತುಂಬಿ ಕೊಟ್ಟೆ. ರೈಲು ಸೇತುವೆ: ೪.೮೦. ಆ ಹಳದಿ ಫಲಕ ನಿನಗೆ ನೆನಪಿರಬೇಕು. ಪ್ರತಿ ವರ್ಷ ಅಂಕಿಗಳಿಗೆ ನಾನೇ ಕೈಯಾರೆ ಕಪ್ಪು ಬಳಿಯುತ್ತೇನೆ. ನಮ್ಮ ಗ್ಯಾಂಗಿನ ಮೇಸ್ತ್ರಿಗೆ ಕೊಟ್ಟರೆ ಅವನ ಎಂಟು ಸೊಂಟ ಮುರಿದ ಹಾಗೆ ಕಾಣುತ್ತದೆ. ನನ್ನ ಎಂಟನ್ನು ನೋಡಿ ಲಾರಿ ಡ್ರೈವರುಗಳು ಬ್ರೇಕು ಹಾಕುತ್ತಾರೆಂದು ನನ್ನ ನಂಬಿಕೆ.

ಫಲಕಕ್ಕೆ ಬಣ್ಣ, ರಸ್ತೆಗೆ ಸುಣ್ಣ, ಓವರ್‌ಸಿಯರ್ ಎಂದರೆ ಇಷ್ಟೇ ಅಣ್ಣ.

ನಿನ್ನ ಅಕ್ಕ ಕೇಳುತ್ತಾಳೆ: ಫೋನು ಯಾವಾಗ ವಾಪಸು ಕೊಡುತ್ತಾರೆ, ನಿನಗೆ ಕೊಟ್ಟಿರುವ ಕೆಲಸ ಏನು. ಎರಡನೆಯದಕ್ಕೆ ಸರಿಯಾಗಿ ಉತ್ತರ ಬರೆ. ನಾನು ಏನು ಹೇಳಿದರೂ ಆಕೆ ನಂಬುವುದಿಲ್ಲ.

ಇಂತು,
ಭಾವ


ಫೆಬ್ರವರಿ ೯

ಭಾವನವರಿಗೆ ಬಾಮೈದನ ನಮಸ್ಕಾರ.

ಕಾಗದ ತಲುಪಿತು, ಓದಿಯೂ ಆಯಿತು. ನಾಲ್ಕನೆಯ ಸ್ಥಾನದ ಗುಟ್ಟನ್ನು ನಾನು ನುಂಗಲು ನೋಡಿದೆ, ಕ್ಯಾಪ್ಟನ್ನರು ಮೊದಲೇ ಓದಿದ್ದರಿಂದ ಅವರೇ ಹೇಳಿಬಿಟ್ಟರು.

ಫೋನುಗಳು ಗೋಣಿಚೀಲದಲ್ಲಿವೆ, ಚೀಲಕ್ಕೆ ಬೀಗ ಬಿದ್ದಿದೆ. ಹೊರಡುವ ದಿನ, ಊರಿನ ಹೆಸರು ಬರೆದರೆ ಮಸಿ ಬಳಿಯುತ್ತಾರೆ. ಅಕ್ಕನ ಕಡೆ ಬರಬಹುದು ಎಂದಷ್ಟು ಬರೆಯಲು ಅಡ್ಡಿಯಿಲ್ಲವಂತೆ.

ಒಂದು ವಿಷಯ ಹೇಳಬೇಕು. ಟ್ಯಾಂಕುಗಳನ್ನು ಟ್ರೇಲರ್ ಮೇಲೆ ಹೇರಿ ಸಾಗಿಸುವುದಕ್ಕೆ ಎರಡು ರಸ್ತೆಗಳಿದ್ದವು. ಒಂದು ಸುತ್ತು, ಎರಡು ದಿನ ಹೆಚ್ಚು. ಇನ್ನೊಂದು ನಿಮ್ಮದು. ಕ್ಯಾಪ್ಟನ್ನರು ನಕ್ಷೆ ಹರಡಿ, ಈ ಎರಡನೆಯದನ್ನು ಕಂಡವರು ಯಾರಾದರೂ ಇದ್ದಾರಾ ಎಂದು ಕೇಳಿದರು. ನಾನು ಎದ್ದು ನಿಂತೆ. ‘ಅದು ನಮ್ಮ ಭಾವನ ರಸ್ತೆ ಸಾರ್. ಅವರು ಒಂದು ಅಂಕಿ ಬರೆದ್ರೆ ಅದು ಅಂಕಿ’ ಅಂದೆ. ನಿಮ್ಮ ಫಾರಂ ಬಂದ ಮೇಲೆ ನಿಮ್ಮ ಅಕ್ಷರ ನೋಡಿ ಅವರಿಗೂ ಒಪ್ಪಿಗೆಯಾಯಿತು. ನಿಮ್ಮ ರಸ್ತೆಯೇ ನಿಶ್ಚಯವಾಗಿದೆ.

ನನ್ನ ಕೆಲಸದ ಬಗ್ಗೆ ಅಕ್ಕನಿಗೆ ಹೇಳಿ: ಗಾಡಿಯಲ್ಲಿ ಕೂತು ಮಾಡುವ ಕೆಲಸ, ಗಾಳಿ ಚೆನ್ನಾಗಿ ಬರುತ್ತದೆ.

ಬಾಮೈದ


ಫೆಬ್ರವರಿ ೧೫
(ಅಂಚೆಗೆ ಹಾಕುವುದಿಲ್ಲ)

ಬಾಮೈದ, ನೀನು ಎದ್ದು ನಿಂತೆ ಎಂದು ಓದಿದ ಮೇಲೆ ನನಗೆ ಕೂರಲಾಗಲಿಲ್ಲ.

ಇವತ್ತು ಬೆಳಿಗ್ಗೆ ಟೇಪು ಜೇಬಿಗೆ ಹಾಕಿಕೊಳ್ಳುವುದನ್ನು ನಿನ್ನ ಅಕ್ಕ ನೋಡಿದಳು. ‘ಇಷ್ಟು ವರ್ಷ ಬಣ್ಣದ ಡಬ್ಬಿ ಹಿಡ್ಕೊಂಡು ಹೋಗ್ತಿದ್ರಿ, ಈ ಸಲ ಟೇಪು ಯಾಕೆ?’ ಎಂದಳು. ಸೇತುವೆ ಅಳೆಯುವುದಕ್ಕೆ ಎಂದೆ. ‘ಮುಂಚೆ ಅಳೀತಿರ್ಲಿಲ್ವಾ?’ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ಮೇಸ್ತ್ರಿಯ ಕೈಯಲ್ಲಿ ಬಿದಿರಿನ ಗಳು ಹಿಡಿಸಿ, ತೀರ ಕೆಳಗಿರುವ ತೊಲೆಯಿಂದ ನಡುರಸ್ತೆಗೆ ಟೇಪು ಬಿಟ್ಟೆ. ೪.೪೪. ಮತ್ತೆ ಬಿಟ್ಟೆ. ೪.೪೪. ಮೇಸ್ತ್ರಿ, ‘ಸಾರ್, ಟೇಪು ಹಿಗ್ಗಿರ್ಬೇಕು’ ಎಂದ. ‘ಟೇಪು ಹಿಗ್ಗಿಲ್ಲ ಕಣೋ, ರಸ್ತೆ ಬೆಳೆದಿದೆ’ ಎಂದೆ. ಅವನು ನಕ್ಕ.

ರಸ್ತೆಯನ್ನು ಬೆಳೆಸಿದವನು ನಾನೇ. ಸೇತುವೆಯ ಕೆಳಗಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ ಎಂದು ಜನ ಅರ್ಜಿ ಕೊಟ್ಟರು. ಹನ್ನೊಂದು ವರ್ಷದಲ್ಲಿ ಮೂರು ಸಲ ಜಲ್ಲಿ ತುಂಬಿ ಡಾಂಬರು ಹಾಕಿಸಿದೆ. ಪ್ರತಿ ಸಲವೂ ಹಳೆಯ ಪದರ ಕೆರೆದು ತೆಗೆದೇ ಹೊಸದು ಹಾಕಬೇಕು ಎಂದು ನಿಯಮ. ಕೆರೆಯುವ ಯಂತ್ರ ಬರಲಿಲ್ಲ. ಬಂದಿತ್ತು, ಕೆರೆಯಿತು ಎಂದು ಮೂರು ಸಲ ರುಜು ಹಾಕಿದೆ. ಫಲಕದಲ್ಲಿರುವ ೪.೮೦ ನನಗಿಂತ ಹಿಂದಿನವನು ಅಳೆದದ್ದು. ನಾನು ಅದಕ್ಕೆ ಬಣ್ಣ ಬಳಿದೆ. ಎಷ್ಟು ಚೆಂದ ಬಳಿದೆನೆಂದರೆ ನನಗೇ ಅದು ನನ್ನ ಅಳತೆ ಅನ್ನಿಸಿಬಿಟ್ಟಿತ್ತು.

ಹೊರೆ ೪.೨೫. ಎತ್ತರ ೪.೪೪. ಹತ್ತೊಂಬತ್ತು ಸೆಂಟಿಮೀಟರ್ ಉಳಿಯುತ್ತದೆ. ಹದಿನೈದು ಉಳಿದರೆ ಸಾಕು ಎಂದು ಫಾರಂನಲ್ಲೇ ಇದೆ. ಟ್ಯಾಂಕು ಹಾಯುತ್ತದೆ, ಒಂದು ಗೀರೂ ಬೀಳುವುದಿಲ್ಲ. ಹಾಗಿರುವಾಗ ಬಾಯಿ ಬಿಟ್ಟು ವಿಚಾರಣೆ ಎಳೆದುಕೊಳ್ಳುವುದು ಯಾಕೆ? ಇನ್ನೂ ಹದಿನಾಲ್ಕು ವರ್ಷ ಸರ್ವಿಸು ಇದೆ.


ಫೆಬ್ರವರಿ ೧೬

ಸಮಸ್ತ ಸಭಾಸದರೇ, ಸನ್ಮಾನ್ಯ ಕ್ಯಾಪ್ಟನ್ನರೇ,

ನಮ್ಮ ಬಾಮೈದ ನಮ್ಮ ರಸ್ತೆಯನ್ನು ಹೊಗಳಿದ ಸುದ್ದಿ ಕೇಳಿ ರಸ್ತೆಗೆ ಕೊಬ್ಬು ಬಂದಿದೆ. ನಿನ್ನೆ ಎರಡು ಸ್ಕೂಟರು ಕೆಡವಿತು.

ಇಲ್ಲಿ ಎಲ್ಲ ಕ್ಷೇಮ, ಸೇತುವೆಯೂ ಕ್ಷೇಮ. ರಸ್ತೆಯ ಅಂಚಿನ ಎರಡು ಕೊಂಬೆ ಕಡಿಸಿದೆ, ಬಸ್ ನಿಲ್ದಾಣದ ಬಳಿಯ ಜೋತ ತಂತಿಯನ್ನು ಎತ್ತಿ ಕಟ್ಟಿಸಿದೆ.

ತಂತಿಗೆ ಎಳೆತ, ಗುಂಡಿಗೆ ತುಳಿತ, ಬಾಮೈದ ಬರುವಾಗ ಬೇಡ ಕುಲುಕಾಟ ಕುಣಿತ.

ನಿನ್ನ ಉತ್ತರ ನೋಡಿ ಅಕ್ಕ, ಕೂತು ಮಾಡುವ ಕೆಲಸವಾದರೆ ಗಾಳಿ ಎಲ್ಲಿಂದ ಬಂತು ಎಂದು ಕೇಳಿದಳು. ಕಿಟಕಿಯಿಂದ ಎಂದು ಹೇಳಿದ್ದೇನೆ. ಸರಿ ತಾನೆ?

ಭಾವ


ಫೆಬ್ರವರಿ ೨೧

ಭಾವ,

ಇದನ್ನು ನೀವೊಬ್ಬರೇ ಓದಿಕೊಳ್ಳಿ. ಅಕ್ಕನಿಗೆ ಬೇಡ.

ಕಿಟಕಿ ಇಲ್ಲ. ನಾನಿರುವುದು ಟ್ಯಾಂಕಿನ ನೆತ್ತಿಯ ಮೇಲೆ. ಟ್ರೇಲರ್ ಮೇಲೆ ಟ್ಯಾಂಕು, ಟ್ಯಾಂಕಿನ ಮೇಲೆ ನಾನು, ನನ್ನ ಕೈಯಲ್ಲಿ ಮರದ ಕವೆಗೋಲು. ದಾರಿಗೆ ಅಡ್ಡ ಬರುವ ತಂತಿಗಳನ್ನು ಕವೆಯಿಂದ ಎತ್ತಿ ಹಿಡಿದು ಹಿಂದಕ್ಕೆ ಸಾಗಹಾಕುವುದು ಕೆಲಸ. ಒಂಬತ್ತು ಗಾಡಿಗೆ ಒಂಬತ್ತು ಜನ ಕವೆಗೋಲಿನವರು. ತಂತಿ ಕಾಣಬೇಕಾದ್ದರಿಂದ ಹಗಲಿನಲ್ಲೇ ಓಡಾಟ.

ಸೇತುವೆ ಬಂದಾಗ ಕವೆಗೋಲಿನವರು ಇಳಿದು ನಡೆಯಬೇಕು ಎಂದು ನಿಯಮ ಇದೆ. ಒಂಬತ್ತು ಗಾಡಿ ನಿಂತು, ಒಂಬತ್ತು ಜನ ಇಳಿದು, ಮತ್ತೆ ಹತ್ತುವುದರೊಳಗೆ ಅರ್ಧ ಗಂಟೆ ಹೋಗುತ್ತದೆ. ದಂಡು ನಿಲ್ಲಕೂಡದು. ಆದ್ದರಿಂದ ಯಾರೂ ಇಳಿಯುವುದಿಲ್ಲ. ಮುಖ ಮೇಲೆ ಮಾಡಿ, ಕೋಲನ್ನು ಪಕ್ಕದಲ್ಲಿಟ್ಟುಕೊಂಡು, ಚಪ್ಪಟೆ ಮಲಗುತ್ತೇವೆ. ತೊಲೆಗಳು ಮೂಗಿನ ಮೇಲೆಯೇ ಹಾದುಹೋಗುತ್ತವೆ. ಕ್ಯಾಪ್ಟನ್ನರಿಗೆ ಗೊತ್ತು. ಆ ಹೊತ್ತಿಗೆ ಅವರು ನಕ್ಷೆ ನೋಡುತ್ತಾರೆ.

ಹೆದರಬೇಡಿ, ಲೆಕ್ಕ ಹಾಕಿಯೇ ಮಲಗುತ್ತೇವೆ. ನಿಮ್ಮ ಸೇತುವೆಯದನ್ನೂ ಹಾಕಿದ್ದೇವೆ. ೪.೮೦ರಲ್ಲಿ ೪.೨೫ ಕಳೆದರೆ ಐವತ್ತೈದು. ದಪ್ಪ ಕೋಟು ಹಾಕಿ ಮಲಗಿದ ಮನುಷ್ಯನ ಎದೆ ಮೂವತ್ತು. ಒಂದು ಗೇಣಿಗಿಂತ ಹೆಚ್ಚು ಉಳಿಯುತ್ತದೆ. ದಾರಿಯುದ್ದಕ್ಕೂ ಇರುವುದರಲ್ಲಿ ಅದೇ ಆರಾಮದ ಸೇತುವೆ. ನಮ್ಮ ಗಾಡಿಯ ಡ್ರೈವರನ್ನು ಎಲ್ಲರೂ ಗೂಬೆ ಎನ್ನುತ್ತೇವೆ, ಕಣ್ಣು ಮಿಟುಕಿಸುವುದಿಲ್ಲ. ‘ನಿನ್ನ ಭಾವನ ಸೇತುವೆ ಕೆಳಗೆ ಮಗ್ಗುಲು ಬದಲಾಯಿಸ್ಬೋದು ಬಿಡು’ ಎಂದ ಅವನು.

ಈ ಕಾಗದ ತಲುಪುವ ಮೊದಲೇ ಹೊರಟರೂ ಹೊರಟೆವು.

ಬಾಮೈದ


ಫೆಬ್ರವರಿ ೨೬
(ಅಂಚೆಗೆ ಹಾಕುವುದಿಲ್ಲ)

ಹತ್ತೊಂಬತ್ತು ಸೆಂಟಿಮೀಟರ್. ನನ್ನ ಸ್ಕೇಲು ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ನಿನ್ನ ಎದೆ ಅದರೊಳಗೆ ಹಿಡಿಸುವುದಿಲ್ಲ. ಯಾರ ಎದೆಯೂ ಹಿಡಿಸುವುದಿಲ್ಲ.

ಸಾಗಣೆ ಕಚೇರಿಗೆ ಫೋನು ಮಾಡಿದೆ. ಎತ್ತಿಕೊಂಡ ಗುಮಾಸ್ತನನ್ನು, ಸೇತುವೆ ಬಂದಾಗ ಮೇಲಿನ ಜನ ಇಳಿಯುತ್ತಾರಾ ಎಂದು ಕೇಳಿದೆ. ‘ನಿಯಮದಲ್ಲಿ ಇಳೀತಾರೆ’ ಎಂದ. ನಿಜದಲ್ಲಿ? ‘ನಿಯಮದಲ್ಲಿ ಇಳೀತಾರೆ ಅಂದ್ನಲ್ಲ. ಬೇರೆ ಏನಾದ್ರೂ?’ ಬೇರೆ ಏನೂ ಇಲ್ಲ ಎಂದು ಫೋನು ಇಟ್ಟೆ. ೪.೪೪ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಯಾರು ಮಾತಾಡುತ್ತಿರುವುದು ಎಂದು ಅವನು ಕೇಳುತ್ತಾನೆ ಅನ್ನಿಸಿತು.

ನಿನಗೆ ಬರೆದರೆ ಕ್ಯಾಪ್ಟನ್ ಓದುತ್ತಾರೆ. ಕ್ಯಾಪ್ಟನ್ ಓದಿದರೆ ನಮ್ಮ ಇಲಾಖೆಗೆ ಹೋಗುತ್ತದೆ. ಇಲಾಖೆಗೆ ಹೋದರೆ ಮೂರು ರುಜುಗಳೂ ಹೊರಗೆ ಬರುತ್ತವೆ.

ಹೇಗೆ ಬರೆಯಲಿ?


ಫೆಬ್ರವರಿ ೨೬

ಬಾಮೈದ,

ಆತುರದಲ್ಲಿ ಬರೆಯುತ್ತಿದ್ದೇನೆ, ತ್ವರಿತ ಅಂಚೆಗೆ ಹಾಕುತ್ತೇನೆ. ದಿನವೆಲ್ಲ ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುತ್ತದೆ. ಆಗಾಗ ಇಳಿದು ನಡೆಯುವುದು ಒಳ್ಳೆಯದು. ನಮ್ಮ ರೈಲು ಸೇತುವೆಯ ಬಳಿ ನಡೆಯಲು ಜಾಗ ಚೆನ್ನಾಗಿದೆ. ಅಲ್ಲಿ ಇಳಿದು ನಡೆ. ಮಿಕ್ಕ ಎಂಟು ಜನಕ್ಕೂ ಹೇಳು. ವ್ಯಾಯಾಮ ಎಲ್ಲರಿಗೂ ಬೇಕು.

ಮರೆಯಬೇಡ.

ಭಾವ


ಮಾರ್ಚ್ ೨

ಭಾವ,

ನಿಮ್ಮ ಕಾಗದ ಓದಿ ಗುಡಾರ ಇನ್ನೂ ನಗುತ್ತಿದೆ. ಅರವತ್ತು ಟನ್ ಹೊತ್ತ ಒಂಬತ್ತು ಗಾಡಿ ನಿಲ್ಲಿಸಿ ವ್ಯಾಯಾಮ! ಗೂಬೆಯಂತೂ ಬೆಳಗಿನ ಕವಾಯತಿನಲ್ಲಿ ಕೈಕಾಲು ಎತ್ತುವಾಗಲೆಲ್ಲ ‘ಭಾವನ ಅಪ್ಪಣೆ’ ಎನ್ನುತ್ತಾನೆ. ಅಂಚಿನಲ್ಲಿ ಕ್ಯಾಪ್ಟನ್ನರು ಪೆನ್ಸಿಲಿನಿಂದ ‘ಹಾಸ್ಯ ಚೆನ್ನಾಗಿದೆ’ ಎಂದು ಬರೆದಿದ್ದಾರೆ. ಆದರೆ ಈ ಸಲ ಪ್ರಾಸ ಒಂದೂ ಇಲ್ಲ ಎಂದು ಎಲ್ಲರ ದೂರು.

ಅಕ್ಕನಿಗೆ ಹೇಳಿಬಿಟ್ಟಿರಾ? ಅದಕ್ಕೇ ಆಕೆ ಹೀಗೆ ಬರೆಸಿದಳಾ? ಆಕೆಗೆ ಧೈರ್ಯ ಹೇಳಿ. ಮಿಕ್ಕ ಎಂಟು ಜನಕ್ಕೂ ನಾನು ಹೇಳಿದ್ದೇನೆ: ಬೇರೆ ಸೇತುವೆಗಳಲ್ಲಿ ಉಸಿರು ಬಿಗಿಹಿಡಿಯಿರಿ, ನಮ್ಮ ಭಾವನ ಸೇತುವೆಯಲ್ಲಿ ಸುಮ್ಮನೆ ಮಲಗಿ ಸಾಕು.

ನಾವು ಹೊರಡುವುದು ██████.

ಬಾಮೈದ


ಮಾರ್ಚ್ ೬
(ಅಂಚೆಗೆ ಹಾಕುವುದಿಲ್ಲ)

ಆ ಕಪ್ಪು ಮಸಿಯನ್ನು ದೀಪಕ್ಕೆ ಹಿಡಿದೆ, ನೀರು ಸವರಿದೆ, ಹಿಂಬದಿಯಿಂದ ಪೆನ್ಸಿಲು ಉಜ್ಜಿದೆ. ಏನೂ ಏಳಲಿಲ್ಲ.

ಎಂಟು ದಿನದಿಂದ ಬೆಳಗಾಗುತ್ತಲೇ ಸೇತುವೆಯ ಈಚೆ ಮೈಲುಗಲ್ಲಿನ ಮೇಲೆ ಹೋಗಿ ಕೂರುತ್ತಿದ್ದೇನೆ, ಕತ್ತಲಾಗುವ ಮುಂಚೆ ಎದ್ದು ಬರುತ್ತೇನೆ. ಪಕ್ಕದಲ್ಲಿ ಕೆಂಪು ಬಾವುಟ. ಮೇಸ್ತ್ರಿ ಮೊದಲ ದಿನ, ಸಾರ್‌ಗೆ ಮನೆಯಲ್ಲಿ ಜಗಳವಾಗಿರಬೇಕು ಎಂದುಕೊಂಡ. ನಾಲ್ಕನೆಯ ದಿನ ಕೊಡೆ ತಂದುಕೊಟ್ಟ. ದೊಡ್ಡ ಗಾಡಿಯ ಸದ್ದು ಬಂದಾಗಲೆಲ್ಲ ಏಳುತ್ತೇನೆ. ಮರಳಿನ ಲಾರಿ. ಸಿಮೆಂಟಿನ ಲಾರಿ. ಒಂದು ಸಲ ಸರ್ಕಸ್ಸಿನ ಗಾಡಿ. ಮೇಲೆ ಒಬ್ಬ ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದ. ಬಾವುಟ ಹಿಡಿದು ಅಡ್ಡ ಓಡಿದೆ. ಅವನು ಇಳಿದು ಬೈದ ಬೈಗುಳದಲ್ಲಿ ಬಲು ಒಳ್ಳೆಯ ಪ್ರಾಸವಿತ್ತು.

ಮೇಲಿನವರನ್ನು ಇಳಿಸಲು ಏನು ಹೇಳಬೇಕು ಎಂದು ಯೋಚಿಸಿ ಇಟ್ಟುಕೊಂಡಿದ್ದೇನೆ. ನಿಜವನ್ನು ಬಿಟ್ಟು ನಾಲ್ಕು ಬಗೆ ಹೊಳೆದಿವೆ.


ಮಾರ್ಚ್ ೯

ಭಾವ, ನಮ್ಮ ಭಾವ,

ತಲುಪಿದೆವು. ಎಲ್ಲಿಗೆ ಎಂದು ಬರೆಯುವಂತಿಲ್ಲ. ಆದರೆ ಮೊನ್ನೆ ಏಳನೆಯ ತಾರೀಖಿನ ಕಥೆ ಬರೆಯಲು ಕ್ಯಾಪ್ಟನ್ನರೇ ಹೇಳಿದ್ದಾರೆ.

ಎರಡನೆಯ ಗಾಡಿಯ ನೆತ್ತಿಯಿಂದ ದೂರದಲ್ಲಿ ಸೇತುವೆ ಕಂಡಿತು. ನಾನು ಕೋಲು ಪಕ್ಕಕ್ಕಿಟ್ಟು ಹಿಂದಿನವರಿಗೆ ಮಲಗುವ ಸನ್ನೆ ಮಾಡಿ ಬೆನ್ನು ಒರಗಿಸಿಯೂ ಆಗಿತ್ತು. ಗಾಡಿ ಜಗ್ಗಿ ನಿಂತಿತು. ಎದ್ದು ನೋಡಿದರೆ ನಡುರಸ್ತೆಯಲ್ಲಿ ಕೆಂಪು ಬಾವುಟ, ಬಾವುಟದ ಹಿಂದೆ ನೀವು. ಹಿಂದೆ ಏಳು ಗಾಡಿಗಳ ಬ್ರೇಕು ಕಿರುಗುಟ್ಟಿದ್ದು ಇನ್ನೂ ಕಿವಿಯಲ್ಲಿದೆ.

ಕ್ಯಾಪ್ಟನ್ನರು ಜೀಪಿನಿಂದ ಹಾರಿ ಬಂದರು. ನೀವು ಆಗ ಹೇಳಿದ್ದನ್ನು ಇಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ.

‘ಮೇಲಿರೋರೆಲ್ಲ ಇಳೀಬೇಕು. ತೊಲೆ ಬೋಲ್ಟು ಸಡಿಲ ಇದೆ, ಅದುರಿದ್ರೆ ಬೀಳುತ್ತೆ.’

‘ಏನ್ರೀ, ಗಡಿಗೆ ಹೊರಟೋರು ಬೋಲ್ಟಿಗೆ ಹೆದರ್ಬೇಕಾ?’

‘ಗಾಡಿ ಹೋಗ್ಲಿ. ಜನ ಇಳೀಲಿ. ಇಳಿಯೋವರ್ಗೂ ನಾನು ಇಲ್ಲಿಂದ ಕದಲಲ್ಲ.’

ಒಂಬತ್ತು ಜನವೂ ಇಳಿದೆವು. ನಾನು ಪಕ್ಕದಲ್ಲೇ ನಡೆದು ಹೋದರೂ ನೀವು ನನ್ನ ಮುಖ ನೋಡಲಿಲ್ಲ. ನನ್ನ ಮೊಣಕೈ ಹಿಡಿದು ಸೇತುವೆ ದಾಟುವವರೆಗೂ ಬಿಡಲಿಲ್ಲ. ಕ್ಯಾಪ್ಟನ್ನರಿಗೆ ಎದುರು ಮಾತಾಡಿದ್ದಕ್ಕೆ ಹೆದರಿದ್ದೀರಿ ಎಂದುಕೊಂಡೆ. ಹಾಗೇನಿಲ್ಲ, ಅವರು ಒಳ್ಳೆಯವರು. ಹಿಂತಿರುಗಿ ನೋಡಿದಾಗ ನನ್ನ ಗಾಡಿ ತೊಲೆಯ ಕೆಳಗಿತ್ತು. ಸಂದು ಬಹಳ ಸಣ್ಣದಾಗಿ ಕಂಡಿತು. ಕೆಳಗಿನಿಂದ ನೋಡಿದರೆ ಹಾಗೇ ಕಾಣುತ್ತದೆ ಎಂದು ಗೂಬೆ ಹೇಳಿದ.

ಈಗ ಸಂತೋಷದ ಸುದ್ದಿ. ಒಂದು ಸಡಿಲ ಬೋಲ್ಟಿಗಾಗಿ ದಂಡನ್ನೇ ತಡೆದ ಓವರ್‌ಸಿಯರ್ ಎಂದು ಕ್ಯಾಪ್ಟನ್ನರು ನಿಮಗೆ ಮೆಚ್ಚುಗೆಯ ಪತ್ರ ಬರೆದಿದ್ದಾರೆ, ನಿಮ್ಮ ಎಂಜಿನಿಯರ್ ಸಾಹೇಬರಿಗೆ ಪ್ರತಿ ಹೋಗಿದೆ. ಎರಡನೆಯ ತಂಡದ ಮೂವತ್ತೊಂದು ಗಾಡಿಗಳನ್ನೂ ನಿಮ್ಮ ರಸ್ತೆಯಲ್ಲೇ ಕಳಿಸುವುದು ಗಟ್ಟಿಯಾಯಿತು. ದಾರಿಪಟ್ಟಿಯಲ್ಲಿ ‘ರೈಲು ಸೇತುವೆ ೪.೮೦, ಅಳತೆ ನಂಬಬಹುದು’ ಎಂದು ಅವರೇ ಬರೆದಿದ್ದಾರೆ. ಆ ತಂಡದ ಕವೆಗೋಲಿನವರಿಗೆ ನಾನೇ ಹೇಳಿ ಕಳಿಸಿದೆ: ಅಷ್ಟರಲ್ಲಿ ಭಾವ ಬೋಲ್ಟು ಬಿಗಿಸಿರುತ್ತಾರೆ, ನೀವು ಹಾಯಾಗಿ ಮಲಗಿ ಬನ್ನಿ.

ಬಿಗಿಸಿದಿರಿ ತಾನೆ?

ಬಾಮೈದ


ಮಾರ್ಚ್ ೧೪

ಕ್ಯಾಪ್ಟನ್ ಸಾಹೇಬರೇ,

ಇದನ್ನು ಮೊದಲು ಓದುವವರು ನೀವು, ಆದ್ದರಿಂದ ಮೊದಲು ನಿಮಗೆ.

ಬೋಲ್ಟು ಸಡಿಲ ಇರಲಿಲ್ಲ. ಸೇತುವೆಯ ಕೆಳಗಿನ ಎತ್ತರ ೪.೪೪. ನಿಮ್ಮ ಗಾಡಿಗಳು ಹಾಯುತ್ತವೆ, ಮೇಲೆ ಮಲಗಿದ ಮನುಷ್ಯ ಹಾಯುವುದಿಲ್ಲ. ಇವತ್ತು ಬೆಳಿಗ್ಗೆ ಸಾಗಣೆ ಕಚೇರಿಗೆ ಫೋನು ಮಾಡಿ ಹೆಸರು, ಹುದ್ದೆ, ಅಳತೆ ಮೂರನ್ನೂ ಬರೆಸಿದ್ದೇನೆ. ಬರೆದುಕೊಂಡವನಿಂದ ಮೂರನ್ನೂ ಓದಿಸಿ ಕೇಳಿದ್ದೇನೆ. ಮೂವತ್ತೊಂದು ಗಾಡಿಗಳ ಜನಕ್ಕೆ ನೀವೂ ತಿಳಿಸಿ.

ಕೆರೆಯದ ರಸ್ತೆಯನ್ನು ಕೆರೆದಿದೆ ಎಂದು ನಾನು ಮೂರು ಸಲ ರುಜು ಹಾಕಿದ್ದೆ. ಅದನ್ನೂ ಬರೆದು ನಮ್ಮ ಎಂಜಿನಿಯರ್ ಕೈಗೆ ಕೊಟ್ಟೆ. ಅವರು ನಿಮ್ಮ ಮೆಚ್ಚುಗೆಯ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಕೂತಿದ್ದರು. ‘ಇದನ್ನ ಕೊಡೋಕೆ ಮುಂಚೆ ಇನ್ನೊಂದು ಸಲ ಯೋಚ್ನೆ ಮಾಡ್ರಿ’ ಎಂದರು. ‘ಇಪ್ಪತ್ತೇಳು ದಿನ ಯೋಚ್ನೆ ಮಾಡಿದೀನಿ ಸಾರ್’ ಎಂದೆ. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ, ಆದೇಶ ಮನೆಗೆ ಬರುತ್ತದೆ ಎಂದರು.

ಬಾಮೈದ,

ನಿನ್ನ ಅಕ್ಕನಿಗೆ ಎಲ್ಲ ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಕೊನೆಗೆ, ‘ಅವನು ಮೇಲೆ ಮಲಗ್ತಾನೆ ಅಂತ ನಿಮಗೆ ಯಾವತ್ತು ಗೊತ್ತಾಯ್ತು?’ ಎಂದು ಕೇಳಿದಳು. ಇಪ್ಪತ್ತಾರನೆಯ ತಾರೀಖು ಎಂದೆ. ‘ಕಾಗದ ಯಾವತ್ತು ಹಾಕಿದ್ರಿ?’ ಅವತ್ತೇ ಎಂದೆ. ‘ಅದ್ರಲ್ಲಿ ಏನು ಬರೆದಿದ್ರಿ?’

ಅದಕ್ಕೆ ಉತ್ತರವನ್ನು ನಿನಗೆ ಕೊಡುತ್ತೇನೆ. ಕ್ಯಾಪ್ಟನ್ ಓದುತ್ತಾರೆ ಎಂದು ನಿಜ ಬರೆಯಲಿಲ್ಲ. ಒಂದು ಕಡೆ ನಿಮ್ಮ ಒಂಬತ್ತು ಜನರ ಜೀವ, ಇನ್ನೊಂದು ಕಡೆ ನನ್ನ ಕೆಲಸ ಇಟ್ಟು ತೂಗಿದೆ. ಆ ದಿನ ನನ್ನ ಕೆಲಸವೇ ಹೆಚ್ಚು ತೂಗಿತು.